ಅಪ್ಪ ಸೊಸೆಗೆ ಕಲಿಸಿದ ಪೈಪಿನ ಕೆಲಸ

ಹೋದ ವರ್ಷ ಮಳೆ ಹಿಡಿದ ಮೇಲೆ ಅಪ್ಪನ ಕೋಣೆಯ ಗೋಡೆ ಒದ್ದೆಯಾಗತೊಡಗಿತು. ಮೊದಲು ಮಂಚದ ತಲೆದೆಸೆಯಲ್ಲಿ ಅಂಗೈಯಗಲದ ಕಲೆ ಕಾಣಿಸಿತು. ಮಳೆ ಬಂದ ಹಾಗೆಲ್ಲ ಅದು ಹರಡಿ, ಸುಣ್ಣ ಉಬ್ಬಿ, ಮುಟ್ಟಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಹೊರಗೆ ಹೋಗಿ ನೋಡಿದರೆ ಕಾರಣ ಎದುರಿಗೇ ಇತ್ತು. ತಾರಸಿಯ ಮಳೆನೀರನ್ನು ಕೆಳಗಿಳಿಸುವ ಪೈಪು ಅದೇ ಗೋಡೆಗೆ ಆತುಕೊಂಡು ಬರುತ್ತದೆ. ಅದರ ನಡುವಿನ ಒಂದು ಜೋಡಣೆ ಬಿಟ್ಟುಕೊಂಡು, ನೀರೆಲ್ಲ ಗೋಡೆಯ ಮೇಲೆ ಇಳಿಯುತ್ತಿತ್ತು.

ನಮ್ಮ ಮನೆ ಬಂಗಾರಪೇಟೆಯಲ್ಲಿ, ರೈಲು ಹಳಿಯ ಆಚೆ ಇದೆ. ಅಪ್ಪ ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಪೈಪ್ ಫಿಟ್ಟರ್ ಆಗಿದ್ದ. ಗಣಿ ಮುಚ್ಚಿದ ಮೇಲೆ ಅಲ್ಲಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆ ಬಿಟ್ಟು ಇಲ್ಲಿಗೆ ಬಂದು ಈ ಮನೆ ಕಟ್ಟಿಸಿದ. ಅಮ್ಮ ಇದೇ ಮನೆಯಲ್ಲಿ ತೀರಿಕೊಂಡಳು. ಮಗಳು ಕೋಲಾರದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಹಾಗಾಗಿ ಮನೆಯಲ್ಲಿ ಇರುವವರು ಅಪ್ಪ, ನಾನು, ನನ್ನ ಹೆಂಡತಿ. ನಾನು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ರೈಲಿಗೆ ಹೋದರೆ ಕತ್ತಲಾಗುವ ಹೊತ್ತಿಗೆ ಮನೆ. ಹೆಂಡತಿ ಒಂದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಅವಳ ತವರು ಇಲ್ಲೇ ಹತ್ತಿರದ ಒಂದು ಹಳ್ಳಿ. ಬೇಸಾಯದವರ ಮನೆ.

ನಾನು ಫೋನು ಮಾಡಿ ಒಬ್ಬ ಪ್ಲಂಬರನ್ನು ಕರೆಸಿದೆ. ಅವನು ಜೋಡಣೆಯ ಮೇಲೆ ಒಂದಿಷ್ಟು ಸಿಮೆಂಟು ಮೆತ್ತಿ ಹೋದ. ಮುಂದಿನ ಮಳೆಗೆ ಅದು ಹೆಂಟೆಯಾಗಿ ಕಳಚಿ ಬಿತ್ತು. ಆಮೇಲೆ ಅವನು ಫೋನು ಎತ್ತಲಿಲ್ಲ. ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ.

ಒಂದು ಸಂಜೆ ಸ್ಟೇಷನ್ನಿನಿಂದ ನಡೆದು ಬಂದು ಗೇಟು ತೆಗೆದರೆ, ನನ್ನ ಹೆಂಡತಿ ಏಣಿಯ ಮೇಲಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗರಗಸದ ಬ್ಲೇಡಿನಿಂದ ಪೈಪು ಕೊಯ್ಯುತ್ತಿದ್ದಳು. ಕೆಳಗೆ ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏಣಿಯ ಕಾಲನ್ನು ಎರಡು ಕೈಯಲ್ಲೂ ಹಿಡಿದಿದ್ದ. ನಾನು ಬಂದಿದ್ದನ್ನು ಇಬ್ಬರೂ ಗಮನಿಸಲಿಲ್ಲ.

"ಅದುಮ್‌ಬ್ಯಾಡ ಅಮ್ಮಣ್ಣಿ," ಅಪ್ಪ ಹೇಳುತ್ತಿದ್ದ. "ಬ್ಲೇಡು ಅದ್ರ ಪಾಡಿಗೆ ಅದು ಓಗ್ಲಿ. ನೀನು ಬರೀ ದಾರಿ ತೋರ್ಸು, ಸಾಕು. ಅವಸರ ಏನಿಲ್ಲ. ಆ… ಅಂಗೆ. ಈಗ ಕೇಳು, ಸದ್ದು ಬದಲಾಯ್ತಲ್ಲ? ಅಂದ್ರೆ ಆಚೆ ಕಡೆ ಮುಟ್ತಾ ಐತೆ ಅಂತ."

ನಾನು ಗೇಟಿನ ಬಳಿಯೇ ನಿಂತುಬಿಟ್ಟೆ. ಅಪ್ಪ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಅಮ್ಮ ಹೋದ ಮೇಲಂತೂ ಊಟ ಆಯ್ತಾ ಅಂದರೆ ಆಯ್ತು, ಮಾತ್ರೆ ತಗೊಂಡೆಯಾ ಅಂದರೆ ತಗೊಂಡೆ, ಅಷ್ಟೇ ಅವನ ಮಾತು. ಮತ್ತೆ ಆ 'ಅಮ್ಮಣ್ಣಿ'. ಹುಟ್ಟಿದಾಗಿನಿಂದ ನಾನು ಅವನಿಗೆ 'ಲೇ', ತಪ್ಪಿದರೆ 'ಏನ್ಲಾ'. ಅವನ ಬಾಯಲ್ಲಿ ಇಂಥದೊಂದು ಮೆತ್ತನೆಯ ಮಾತು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಯಾರನ್ನಾದ್ರೂ ಕರೆಸ್ತಿದ್ನಲ್ಲ, ಏಣಿ ಹತ್ತೋ ಅವಸರ ಏನಿತ್ತು?" ಎಂದೆ.

"ಮಾವನ್ನ ಕೇಳ್ದೆ. ಎಂಗೆ ಮಾಡೋದು ಅಂತ ಯೇಳ್ಕೊಟ್ರು," ಎಂದಳು ಮೇಲಿನಿಂದಲೇ. ಅವಳ ಮುಖದ ತುಂಬ ಪ್ಲಾಸ್ಟಿಕ್ಕಿನ ಬಿಳಿ ಪುಡಿ.

ಅಪ್ಪ ನನ್ನ ಕಡೆ ತಿರುಗಿ, "ಬಂದೇನ್ಲಾ," ಎಂದು, ಮತ್ತೆ ಮೇಲೆ ನೋಡತೊಡಗಿದ.

ನಾನು ಒಳಗೆ ಹೋಗಿ ಬಟ್ಟೆ ಬದಲಿಸಿ ಸುಮ್ಮನೆ ಕೂತೆ. ಕಿಟಕಿಯಿಂದ ಅವರ ಮಾತು ಕೇಳುತ್ತಲೇ ಇತ್ತು. ನಾನು ಸಣ್ಣವನಿದ್ದಾಗ ನಂದಿದುರ್ಗದ ಮನೆಯಲ್ಲಿ ಅಪ್ಪ ರಾತ್ರಿ ಶಿಫ್ಟು ಮುಗಿಸಿ ಬಂದು ಹಗಲು ಹೊತ್ತು ನಿದ್ದೆ ಮಾಡುತ್ತಿದ್ದ. ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಓಡಾಡುತ್ತಿದ್ದಳು. ಒಮ್ಮೆ ಅವನ ಸ್ಪ್ಯಾನರು ತೆಗೆದುಕೊಂಡು ಬಾಡಿಗೆ ಸೈಕಲ್ಲಿನ ಚಕ್ರ ಬಿಚ್ಚಲು ಹೋಗಿದ್ದೆ. ಅವನು ಎದ್ದು ಬಂದು ಕೈಯಿಂದ ಕಿತ್ತುಕೊಂಡು, "ಇದನ್ನ ಮುಟ್‌ಬ್ಯಾಡ. ಓಗಿ ಪುಸ್ತಕ ಇಡ್ಕೊ," ಎಂದಿದ್ದ. ಅವತ್ತಿನಿಂದ ಅಪ್ಪನ ಸಾಮಾನಿಗೂ ನನಗೂ ಸಂಬಂಧವಿಲ್ಲ ಎಂದು ನಾನು ತಿಳಿದುಕೊಂಡುಬಿಟ್ಟೆ. ಈಗ ಅದೇ ಅಪ್ಪ, ಬೇರೆ ಮನೆಯಿಂದ ಬಂದವಳಿಗೆ ಬ್ಲೇಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಕೊಡಲು ಮೊದಮೊದಲು ಪ್ರಯತ್ನಪಟ್ಟೆ. ಅಪ್ಪನಿಗೆ ವಯಸ್ಸಾಗಿದೆ, ಅವಳು ಏಣಿಯಿಂದ ಬಿದ್ದರೆ ಏನು ಗತಿ ಎಂದೆಲ್ಲ. ಆದರೆ ಅದು ಹೊಟ್ಟೆಕಿಚ್ಚೇ.

ಮುರಿದ ತುಂಡನ್ನು ತೆಗೆದು ಹೊಸದನ್ನು ಕೂರಿಸಿ, ಅಂಟು ಹಚ್ಚಿ, ಗೋಡೆಗೆ ಕ್ಲಾಂಪು ಹೊಡೆದರು. ಆ ವಾರವೆಲ್ಲ ಊಟಕ್ಕೆ ಕೂತಾಗ ಹೆಂಡತಿ ಅಪ್ಪ ಹೇಳಿದ ಗಣಿಯ ಕಥೆಗಳನ್ನು ನನಗೆ ಒಪ್ಪಿಸುತ್ತಿದ್ದಳು.

"ಕೆಳಗಡೆ ಕತ್ಲಲ್ಲಿ ಗಾಳಿ ಪೈಪು ಎಲ್ಲಿ ಸೋರ್ತಾ ಐತೆ ಅಂತ ಮಾವ ಕೆನ್ನೆ ಇಟ್ಟು ನೋಡ್ತಿದ್ರಂತೆ. ಕೆನ್ನೆಗೆ ತಣ್ಣಗಾದ ಕಡೆ ಕೈ ಆಕೋದಂತೆ. ನಿಮಗೆ ಗೊತ್ತಾ?"

"ಗೊತ್ತು," ಎಂದೆ. ಗೊತ್ತಿರಲಿಲ್ಲ.

"ಒಂದ್ಸಲ ಪಂಪು ನಿಂತೋಗಿ ನೀರು ಸೊಂಟದ ತನಕ ಬಂದಿತ್ತಂತೆ. ಎಲ್ರೂ ಪೈಪಿನ ಮೇಲೆ ಕಾಲಿಟ್ಕೊಂಡು ನಿಂತಿದ್ರಂತೆ. ಅದೂ ಯೇಳಿದ್ರಾ?"

"ಎಷ್ಟೋ ಸಲ ಹೇಳಿದಾನೆ," ಎಂದು ಸಾರು ಬಡಿಸಿಕೊಂಡೆ. ಅಪ್ಪ ಅಲ್ಲೇ ಕೂತಿದ್ದ. ಅವನು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದ. ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡ.

ಜೋರು ಮಳೆ ಬಂತು. ಮೇಲಿನ ಪೈಪು ಒಂದು ಹನಿಯೂ ಸೋರಲಿಲ್ಲ. ಆದರೆ ಕೋಣೆಯ ಗೋಡೆ ಈ ಸಲ ಬುಡದಿಂದ ಒದ್ದೆಯಾಯಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು.

ಮಾರನೆಯ ಸಂಜೆ ಮನೆಗೆ ಬಂದಾಗ ಇಬ್ಬರೂ ನನಗಾಗಿಯೇ ಕಾದಿದ್ದರು. ಹೆಂಡತಿ ನನ್ನನ್ನು ನೇರ ಅಪ್ಪನ ಕೋಣೆಗೆ ಕರೆದುಕೊಂಡು ಹೋದಳು. ಗೋಡೆಯ ಬುಡದಲ್ಲಿ ಉದ್ದಕ್ಕೆ ಹಳದಿ ಬಣ್ಣ.

"ಬಕೀಟಲ್ಲಿ ಅರಿಶಿನ ಕಲಸಿ ತಾರಸಿ ಮೇಲಿಂದ ಪೈಪಿಗೆ ಉಯ್ದೆ," ಎಂದಳು. "ಮಾವ ರೋಡಿನ ಚರಂಡಿ ಹತ್ರ ನಿಂತ್ಕೊಂಡು ನೋಡ್ತಿದ್ರು. ಅಲ್ಲಿಗೆ ಒಂದು ತೊಟ್ಟೂ ಬರ್ಲಿಲ್ಲ. ಎಲ್ಲಾ ಇಲ್ಲಿಗೆ ಬಂದದೆ."

ನಮ್ಮ ಪೈಪು ಗೋಡೆಯ ಬುಡದಲ್ಲಿ ನೆಲದೊಳಗೆ ಇಳಿದು, ಅಲ್ಲಿ ಹಳೆಯ ಮಣ್ಣಿನ ಪೈಪಿಗೆ ಸೇರಿ, ಅಂಗಳದ ಅಡಿಯಲ್ಲೇ ಹರಿದು ರಸ್ತೆಯ ಚರಂಡಿಗೆ ಹೋಗುತ್ತದೆ. ನೆಲದೊಳಗಿನ ಆ ಜೋಡಣೆಯೇ ಒಡೆದಿರಬೇಕು ಎಂದು ಅಪ್ಪ ಹೇಳಿದ. ಪಕ್ಕದ ಕರಿಬೇವಿನ ಗಿಡದ ಬೇರು ಒಳಗೆ ನುಗ್ಗಿರಬಹುದು ಎಂದೂ ಹೇಳಿದ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಅಮ್ಮ ಹೋದ ಮೇಲೆ ನಾನು ಆ ಹೊಳಪು ಕಂಡಿರಲಿಲ್ಲ. ಅದಕ್ಕೆ ಸಂತೋಷಪಡಬೇಕಿತ್ತು. ನಾನು, "ಪಕ್ಕದ ಮನೆಯವರು ಏನಂದ್ಕೊಂಡ್ರೋ, ಅರಿಶಿನದ ನೀರು ಸುರಿಯೋದು ನೋಡಿ," ಎಂದೆ. ಇಬ್ಬರ ಮುಖವೂ ಸಣ್ಣಗಾಯಿತು.

ಬೇರು ಎಲ್ಲಿದೆ ಎಂದು ತಿಳಿಯಲು ಪೈಪಿನೊಳಗೆ ತೂರಿಸುವ ಉದ್ದನೆಯ ತಂತಿಯ ಸುರುಳಿ ಬೇಕಿತ್ತು. ಅಂಥದೊಂದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನಲ್ಲಿ ಅಪ್ಪನ ಹಳೆಯ ಜೊತೆಗಾರನ ಮನೆಯಲ್ಲಿತ್ತು. ನಾನು ಕೆಲಸಕ್ಕೆ ಹೋಗಿದ್ದಾಗ ಮಾವ ಸೊಸೆ ಇಬ್ಬರೂ ಬಸ್ಸು ಹತ್ತಿ ಹೋಗಿ ತಂದೇಬಿಟ್ಟರು. ತಂತಿ ಗೋಡೆಯ ಬುಡದಿಂದ ಸ್ವಲ್ಪ ದೂರದಲ್ಲೇ ತಡೆದು ನಿಂತಿತು. ಅಗೆಯಬೇಕಾದ ಜಾಗ ಗೊತ್ತಾಯಿತು. ಭಾನುವಾರ ಹೆಂಡತಿಯ ತವರಿನಲ್ಲಿ ಗೃಹಪ್ರವೇಶ ಇದ್ದುದರಿಂದ ಅದಾದ ಮೇಲೆ ಅಗೆಯುವುದೆಂದು ಅವರಿಬ್ಬರೇ ನಿಶ್ಚಯ ಮಾಡಿಕೊಂಡರು.

ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ತಂತಿಯನ್ನು ವಾಪಸು ಕೊಟ್ಟು ಬರುತ್ತೇನೆ ಎಂದು ಹೇಳಿ, ಅವರಿಬ್ಬರನ್ನೂ ಕಳಿಸಿ ಉಳಿದುಕೊಂಡೆ. ಬೈಕಿನ ಹಿಂದೆ ಸುರುಳಿಯನ್ನು ಕಟ್ಟಿಕೊಂಡು ಚಾಂಪಿಯನ್ ರೀಫ್ಸಿಗೆ ಹೋದೆ. ಆ ಹಿರಿಯರು ಲೈನು ಮನೆಯ ಬಾಗಿಲಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ತಮಿಳರು. ನಾನು ಯಾರ ಮಗನೆಂದು ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ಒಂದು ಗಳಿಗೆ ನೋಡಿದರು. ಆಮೇಲೆ ಸುರುಳಿಯನ್ನು ಕಂಡು ಮುಖ ಅರಳಿತು.

"ಓ, ಆಯಮ್ಮನ ಯಜಮಾನ್ರಾ ನೀವು? ವಾಂಗ, ವಾಂಗ, ಉಕ್ಕಾರುಂಗ."

ನಾನು ಕೂತೆ.

"ಆಯಮ್ಮ ಎಲ್ಲಾ ಕೇಳಿ ತಿಳ್ಕೊಳ್ತಾಳೆ ತಂಬಿ. ಗಣಿಗೆ ಇಳಿಯೋ ಶಾಫ್ಟು ತೋರ್ಸಿ ಅಂತ ಕೇಳ್ತು. ನಾವು ಮೂರು ಜನಾನೂ ಅಲ್ಲಿ ತನಕ ನಡ್ಕೊಂಡು ಓಗಿ ಬಂದ್ವಿ. ಬೇಲಿ ಆಚೆಯಿಂದ್ಲೇ ನೋಡಿದ್ವಿ. ನಿಮ್ಮಪ್ಪ ನಾಲ್ಕು ಆಳಿನ ಮಾತು ಒಬ್ನೇ ಆಡ್ದ." ಅವರು ನಕ್ಕರು. "ನೀವು ಈ ಕಡೆ ಬಂದೇ ಇಲ್ಲ, ಅಲ್ವಾ?"

ಕಾಫಿ ಕೊಟ್ಟರು. ಕುಡಿದು, ಎದ್ದು ಬಂದೆ. ಚಾಂಪಿಯನ್ ರೀಫ್ಸಿನಿಂದ ಬಂಗಾರಪೇಟೆಯವರೆಗೂ ಆಯಮ್ಮನ ಯಜಮಾನ್ರಾ, ಆಯಮ್ಮನ ಯಜಮಾನ್ರಾ ಎಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನನ್ನಪ್ಪನ ಸ್ನೇಹಿತನ ಮನೆಯಲ್ಲಿ ನಾನು ಯಾರೋ ಒಬ್ಬಳ ಗಂಡ. ನಾನು ಹುಟ್ಟಿ ಬೆಳೆದ ಜಾಗ, ನಮ್ಮಪ್ಪ ದುಡಿದ ಶಾಫ್ಟು. ಅದನ್ನು ಅವನು ನನಗೆ ಯಾವತ್ತೂ ಕೈ ಹಿಡಿದು ತೋರಿಸಿರಲಿಲ್ಲ.

ಮನೆಗೆ ಬಂದವನೇ ಲುಂಗಿ ಮೇಲೆ ಕಟ್ಟಿ, ಹಾರೆ ಗುದ್ದಲಿ ತೆಗೆದುಕೊಂಡೆ. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಡಬೇಕು ಎನ್ನುವುದೊಂದೇ ತಲೆಯಲ್ಲಿದ್ದುದು. ಮಣ್ಣು ನೆನೆದಿದ್ದರಿಂದ ಅಗೆಯುವುದು ಕಷ್ಟವಾಗಲಿಲ್ಲ. ಮಂಡಿಯುದ್ದ ಹೋದ ಮೇಲೆ ಮಣ್ಣಿನ ಪೈಪು ಸಿಕ್ಕಿತು. ಅದರ ಬಾಯಿ ಬಿರಿದು, ಕರಿಬೇವಿನ ಬೇರು ಜಡೆಯ ಹಾಗೆ ಒಳಗೆ ಹೆಣೆದುಕೊಂಡಿತ್ತು. ಬೇರನ್ನು ಕಿತ್ತೆ. ಹಾರೆ ತಗುಲಿ ಇನ್ನೊಂದಷ್ಟು ಪೈಪು ಒಡೆಯಿತು. ಒಡೆದದ್ದನ್ನೆಲ್ಲ ತೆಗೆದುಹಾಕಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೈಪನ್ನು ಮಲಗಿಸಿ, ಎರಡು ತುದಿಗೂ ಸಿಮೆಂಟು ಹಾಕಿ, ಮಣ್ಣು ಮುಚ್ಚಿ ತುಳಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಎಷ್ಟೋ ವರ್ಷದಿಂದ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಸಂಜೆ ಅವರು ಆಟೋದಿಂದ ಇಳಿದಾಗ ನಾನು ಜಗಲಿಯ ಮೇಲೆ ಕೈ ಕಾಣುವ ಹಾಗೆ ಕೂತಿದ್ದೆ. ಹೆಂಡತಿ ಅಂಗಳ ನೋಡಿದಳು, ನನ್ನ ಕೈ ನೋಡಿದಳು, ಒಳಗೆ ಹೋದಳು. ಅಪ್ಪ ಮುಚ್ಚಿದ ಮಣ್ಣಿನ ಮೇಲೆ ಒಂದು ಕಾಲಿಟ್ಟು ಒತ್ತಿ ನೋಡಿದ.

"ವಾಟ ನೋಡ್ಕೊಂಡೇನ್ಲಾ?"

ನೀರು ಹರಿದು ಹೋಗಲು ಪೈಪಿಗೆ ಕೊಡುವ ಇಳಿಜಾರಿಗೆ ನಮ್ಮ ಕಡೆ ವಾಟ ಎನ್ನುತ್ತಾರೆ.

"ನೋಡ್ಕೊಂಡೆ," ಎಂದೆ. ಕಣ್ಣಂದಾಜಿನಲ್ಲಿ ನೋಡಿದ್ದೆ.

"ಸರಿ," ಎಂದು ಅಪ್ಪ ಒಳಗೆ ಹೋದ.

ಎರಡು ದಿನ ಬಿಸಿಲು ಕಾಯಿತು. ಮೂರನೆಯ ದಿನ ನಾನು ರೈಲಿನಲ್ಲಿ ಬರುತ್ತಿದ್ದಾಗ ಮಾಲೂರು ದಾಟಿದ ಮೇಲೆ ಮಳೆ ಶುರುವಾಯಿತು. ಸ್ಟೇಷನ್ನಿನಲ್ಲಿ ಇಳಿಯುವಾಗ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ನೆನೆದುಕೊಂಡೇ ಮನೆಗೆ ನಡೆದೆ. ಬಾಗಿಲು ತೆಗೆದರೆ ಅಪ್ಪನ ಮಂಚ ನಡುಮನೆಯಲ್ಲಿತ್ತು. ಅಪ್ಪ ಅದರ ಮೇಲೆ ಕಾಲು ಮಡಿಸಿಕೊಂಡು, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಂಡತಿ ಅವನ ಕೋಣೆಯಿಂದ ನೀರನ್ನು ಪ್ಲಾಸ್ಟಿಕ್ ಮೊರದಲ್ಲಿ ಗೋರಿ ಬಕೀಟಿಗೆ ಹಾಕುತ್ತಿದ್ದಳು. ನಾನು ಮಲಗಿಸಿದ್ದ ಪೈಪು ರಸ್ತೆಯ ಕಡೆಗೆ ಇಳಿಯುವ ಬದಲು ಮನೆಯ ಕಡೆಗೇ ಇಳಿದಿತ್ತು. ತಾರಸಿಯ ನೀರೆಲ್ಲ ತಿರುಗಿ ಬಂದು ಗೋಡೆಯ ಬುಡದಲ್ಲಿ ಒಳನುಗ್ಗಿತ್ತು.

ಅಪ್ಪ ಬೈಯುತ್ತಾನೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು, "ನೆಂದ್‌ಬಿಟ್ಟಿದ್ದೀಯ. ತಲೆ ಒರೆಸ್ಕೊ," ಎಂದಷ್ಟೇ ಹೇಳಿದ.

ಅಡುಗೆಮನೆಯಲ್ಲಿ ಹೆಂಡತಿ ನನ್ನ ಕಡೆ ತಿರುಗದೆ ಮಾತಾಡಿದಳು. "ಮೂರು ಜನಾನೂ ಸೇರ್ಕೊಂಡು ಮಾಡ್‌ಬೋದಿತ್ತು. ನಿಮಗೆ ಏನಾಗಿತ್ತು?"

ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. "ನಿನ್ನ ಹತ್ರ ಮಾತಾಡ್ದಂಗೆ ಅಪ್ಪ ನನ್ನ ಹತ್ರ ಒಂದಿನಾನೂ ಮಾತಾಡಿಲ್ಲ," ಎಂದೆ.

ಅವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಅದಕ್ಕೆ ನಾನೇನು ಮಾಡ್ಲಿ? ನಿಮ್ಮಿಂದ ಕಿತ್ಕೊಂಡ್ನಾ? ನೀವು ಬೆಳಿಗ್ಗೆ ರೈಲು ಹತ್ತಿದ್ರೆ ಈ ಮನೇಲಿ ಇರೋರು ನಾವಿಬ್ರೇ. ಅವರು ಗೋಡೆ ನೋಡ್ತಾ ಕೂತಿರ್ತಿದ್ರು. ನಾನು ಕಸ ಗುಡಿಸ್ತಾ ಇರ್ತಿದ್ದೆ. ಒಂದಿನ ಸಾಕಾಗೋಗಿ ಕೇಳ್ದೆ, ಮಾವ, ಈ ಪೈಪು ನಾವೇ ಮಾಡಕಾಗಲ್ವಾ ಅಂತ. ಅಷ್ಟೇ ನಾನು ಮಾಡಿದ್ದು."

ಮೊರ ತೆಗೆದುಕೊಂಡು ಉಳಿದ ನೀರು ಗೋರಲು ಹೋದೆ.

ಕೆಲಸಕ್ಕೆ ರಜೆ ಹಾಕಿದೆ. ನಾನು ಮುಚ್ಚಿದ್ದನ್ನು ನಾನೇ ಬಿಚ್ಚಿದೆ. ಹಳೆಯ ಮಣ್ಣಿನ ಪೈಪನ್ನು ಪೂರ್ತಿ ತೆಗೆದು ರಸ್ತೆಯ ಚರಂಡಿಯವರೆಗೂ ಹೊಸದು ಹಾಕುವುದು, ಗೋಡೆಯ ಬುಡದಲ್ಲಿ ಮುಚ್ಚಳದ ಒಂದು ಸಣ್ಣ ತೊಟ್ಟಿ ಕಟ್ಟುವುದು, ಮುಂದೆ ಬೇರು ಬಂದರೂ ಮುಚ್ಚಳ ತೆಗೆದು ನೋಡಬಹುದು ಎಂದು ಅಪ್ಪ ಹೇಳಿದ. ನಾನು ಅಗೆದೆ, ಅವಳು ಮಣ್ಣು ಹೊತ್ತಳು. ವಾಟ ನೋಡಲು ಅಪ್ಪ ಗಾರೆಯವರ ಹತ್ತಿರ ಇರುವಂಥ ಉದ್ದನೆಯ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಅವಳ ಕೈಗೂ ಇನ್ನೊಂದನ್ನು ನನ್ನ ಕೈಗೂ ಕೊಟ್ಟ. ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅದರಿಂದ ಇಳಿಜಾರು ಅಳೆಯುತ್ತಾರೆ.

"ನೀರು ಅಲ್ಲಾಡೋದು ನಿಲ್ಲಗಂಟ ಕಾಯ್ಬೇಕು ಕಣ್ಲಾ," ಎಂದ. "ನೋಡು, ಅವ್ಳು ಎಂಗೆ ಇಡ್ಕೊಂಡವ್ಳೆ."

ಅಲ್ಲೂ ಅವಳೇ. ಆದರೂ ನಾನು ನೋಡಿಕೊಂಡೆ. ಅವಳು ಟ್ಯೂಬನ್ನು ಅಳತೆಗೆ ನೆಟ್ಟಿದ್ದ ಕಡ್ಡಿಗೆ ಒತ್ತಿ ಹಿಡಿದು ಉಸಿರು ಬಿಗಿಹಿಡಿದಿದ್ದಳು. ನಾನೂ ಹಾಗೆಯೇ ಹಿಡಿದೆ.

ಪೈಪು ಕೂರಿಸುವಾಗ ಅಪ್ಪ ತಾನೇ ಗುಂಡಿಗೆ ಇಳಿಯುತ್ತೇನೆ ಎಂದು ಹಟ ಹಿಡಿದ. ತೋಳು ಹಿಡಿದು ಇಳಿಸಿದೆ. ಅವನು ಇಷ್ಟು ಹಗುರಾಗಿದ್ದಾನೆಂದು ನನಗೆ ತಿಳಿದಿರಲಿಲ್ಲ. ಹೆಂಡತಿ ಹಸುವಿಗೆ ನೀರಿಡಲು ಹಿತ್ತಲಿಗೆ ಹೋದಳು. ಗುಂಡಿಯಲ್ಲಿ ನಾವಿಬ್ಬರೇ ಉಳಿದೆವು. ಅವನು ಪೈಪಿನ ಅಡಿಗೆ ಮರಳು ತುಂಬುತ್ತಿದ್ದ.

"ಅಪ್ಪಾ, ನಂಗ್ಯಾಕೆ ಇದೆಲ್ಲಾ ಕಲಿಸ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಸಣ್ಣವನಿದ್ದಾಗ ಸ್ಪ್ಯಾನರು ಮುಟ್ಟಿದ್ರೆ ಬೈದೆ."

"ಅಂಗಾ?" ಅವನು ಕೈ ನಿಲ್ಲಿಸಿ ಯೋಚಿಸಿದ. "ನಂಗೆ ಗ್ಯಾಪ್ಕ ಇಲ್ಲ."

ನಾನು ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಅವನ ನೆನಪಿನಲ್ಲೇ ಇರಲಿಲ್ಲ. ಅವನೇ ಮುಂದುವರಿಸಿದ. "ಬೈದಿರ್‌ಬೋದು. ಶಿಫ್ಟು ಮುಗಿಸ್ಕೊಂಡು ಬಂದ್ರೆ ಪೈಪು ಅಂದ್ರೆ ಸಾಕಪ್ಪಾ ಅನ್ನಿಸ್ತಿತ್ತು. ಮನೇಲೂ ಅದ್ನೇ ನೋಡ್ಬೇಕಾ ಅಂತ. ಈಗ ಪೈಪು ಮುಟ್ಟಿ ಬೋ ವರ್ಸ ಆಗೋಯ್ತು. ಅವ್ಳು ಕೇಳಿದ್ಳು, ಆಸೆ ಆಯ್ತು. ಮರಳು ಕೊಡು ಇತ್ಲಾಗೆ."

ಕೊಟ್ಟೆ. ಅವನು ನನ್ನ ಕೈ ಹಿಡಿದು, ಪೈಪಿನ ಅಡಿಗೆ ಬೆರಳು ತೂರಿಸಿ, ಟೊಳ್ಳು ಉಳಿದಿದ್ದ ಕಡೆ ಮುಟ್ಟಿಸಿದ. "ಇಲ್ಲಿ ಆಕು," ಎಂದ. ಹಾಕಿದೆ. "ಇನ್ನೊಂಚೂರು." ಹಾಕಿದೆ.

ಮುಂದಿನ ಮಳೆ ಮಧ್ಯಾಹ್ನವೇ ಬಂತು. ಅದು ಭಾನುವಾರ, ನಾನು ಮನೆಯಲ್ಲೇ ಇದ್ದೆ. ಅಪ್ಪ ಕೊಡೆ ಹಿಡಿದು ರಸ್ತೆಯ ಚರಂಡಿಯ ಬಳಿ ಹೋಗಿ ನಿಂತ. ನೀರು ಪೈಪಿನ ಬಾಯಿಂದ ಭೋರೆಂದು ಸುರಿಯಿತು. "ಅಮ್ಮಣ್ಣೀ, ಬಾ ನೋಡು," ಎಂದು ಅಲ್ಲಿಂದಲೇ ಕೂಗಿದ. ಅವಳು ತಲೆಯ ಮೇಲೆ ಗೋಣಿ ಹಾಕಿಕೊಂಡು ಓಡಿದಳು. ನನ್ನನ್ನು ಯಾರೂ ಕರೆಯಲಿಲ್ಲ. ಒಂದು ಗಳಿಗೆ ಜಗಲಿಯ ಮೇಲೇ ನಿಂತಿದ್ದೆ. ಆಮೇಲೆ ನಾನೂ ಹೋದೆ. ಅಪ್ಪ ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿದ.

ಅಪ್ಪನ ಕೋಣೆ ಒಣಗಲು ದೀಪಾವಳಿಯವರೆಗೂ ಹಿಡಿಯಿತು. ಈ ನಡುವೆ ಎದುರು ಮನೆಯವರು ತಮ್ಮ ಪೈಪೂ ಸೋರುತ್ತಿದೆ, ಒಂದು ಸಲ ಬಂದು ನೋಡಿ ಎಂದು ಅಪ್ಪನನ್ನೂ ಅವಳನ್ನೂ ಕರೆದರು. ನನ್ನನ್ನು ಕರೆಯಲಿಲ್ಲ. ನಾನು ಆಗ ರೈಲಿನಲ್ಲಿದ್ದೆ ಎಂಬುದು ನಿಜ. ಆದರೂ ಕೇಳಿದಾಗ ಮತ್ತೆ ಅದೇ ಹೊಟ್ಟೆಕಿಚ್ಚು. ಅದು ಪೂರ್ತಿ ಹೋಗುತ್ತದೆ ಎಂದು ನಾನು ಈಗ ಕಾಯುತ್ತಿಲ್ಲ.

ಹಬ್ಬದ ಹಿಂದಿನ ಭಾನುವಾರ ಆ ಕೋಣೆಗೆ ನಾನೇ ಸುಣ್ಣ ಹೊಡೆದೆ. ಅಪ್ಪ ಬಾಗಿಲಲ್ಲಿ ಕೂತು ನೋಡುತ್ತಿದ್ದ. ನನ್ನ ಕೈಗೆ ಮೆತ್ತಿದ ಸುಣ್ಣವನ್ನು ನೋಡಿ ಅವನಿಗೆ ನಗು ಬಂತು.

"ನಿಮ್ಮಮ್ಮನ್ನ ನೋಡಕ್ಕೆ ಓದಾಗ ನನ್ನ ಕೈ ಇದಕ್ಕಿಂತ ಕೆಟ್ಟಾಗಿತ್ತು," ಎಂದ. "ಶಿಫ್ಟಿಂದ ಸೀದಾ ಓಗಿದ್ದೆ. ಗ್ರೀಸು ಏನು ಮಾಡಿದ್ರೂ ಓಗ್ಲಿಲ್ಲ. ಅವ್ರಪ್ಪ ಕಾಫಿ ಲೋಟ ಕೊಟ್ರು ನೋಡು…" ಅಷ್ಟು ಹೇಳಿ ನಿಲ್ಲಿಸಿದ. "ತಡಿ, ಅವ್ಳನ್ನೂ ಕರಿ. ಇದು ಅವ್ಳಿಗೂ ಯೇಳಿಲ್ಲ."

ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಒಂದು ಕೂಗು ಹಾಕಿದ್ದರೆ ಬರುತ್ತಿದ್ದಳು.

"ಕೆಲ್ಸದಲ್ಲಿದ್ದಾಳೆ," ಎಂದೆ. "ಆಮೇಲೆ ಅವಳಿಗೆ ನಾನೇ ಹೇಳ್ತೀನಿ. ನೀನು ಹೇಳು."

ಬ್ರಷ್ಷನ್ನು ಡಬ್ಬಿಯ ಮೇಲಿಟ್ಟು ಅವನ ಎದುರು ನೆಲದ ಮೇಲೆ ಕೂತೆ. ಅಪ್ಪ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದ.